ಜೋತುಬಿದ್ದ ಕೈಗೆ ಕಾಲ ಕಾಯುವುದಿಲ್ಲ

ಬೈಕಿನಿಂದ ಬಿದ್ದಾಗ ಭುಜ ನೆಲಕ್ಕೆ ಬಡಿದು ಕತ್ತು ಆಚೆ ಬದಿಗೆ ವಾಲಿದರೆ, ಕುತ್ತಿಗೆಯಿಂದ ತೋಳಿಗೆ ಇಳಿಯುವ ಐದು ನರಬೇರುಗಳ ಮೇಲೆ ವಿಪರೀತ ಎಳೆತ ಬೀಳುತ್ತದೆ. ಅವು ಹಿಗ್ಗುತ್ತವೆ, ಹರಿಯುತ್ತವೆ, ಕೆಲವೊಮ್ಮೆ ಬೆನ್ನುಹುರಿಯಿಂದಲೇ ಕಿತ್ತುಬರುತ್ತವೆ. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಅದಕ್ಕೆ ರಾಡ್ ಬೀಳುತ್ತದೆ. ನರ ಕಾಣುವುದಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಕೈ ಜೋತುಬಿದ್ದೇ ಇರುತ್ತದೆ. “ನರ ಊದಿದೆ ಅಷ್ಟೇ, ತಾನಾಗೇ ಸರಿಹೋಗುತ್ತೆ” ಎಂದು ಯಾರೋ ಅಂದದ್ದನ್ನು ನಂಬಿ ಮನೆಯವರು ಎಣ್ಣೆ ನೀವುತ್ತಾ, ಹರಕೆ ಹೊರುತ್ತಾ ವರ್ಷ ಕಳೆಯುತ್ತಾರೆ. ಫಿಸಿಯೋಥೆರಪಿಗೆಂದು ನಮ್ಮಲ್ಲಿಗೆ ಬರುವ ಹೊತ್ತಿಗೆ ತೋಳು ಬಡಕಲಾಗಿರುತ್ತದೆ. ಅದನ್ನು ನೋಡಿ ನೋಡಿ ಸಂಕಟವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಮಾತು ಪೂರ್ತಿ ಸುಳ್ಳೂ ಅಲ್ಲ, ತೊಡಕಿರುವುದೇ ಅಲ್ಲಿ. ಬರೀ ಜಜ್ಜಿದ ನರ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳುತ್ತದೆ. ತುಂಡಾದ ನರ ಹಾಗಲ್ಲ, ಅದನ್ನು ಜೋಡಿಸಲೇಬೇಕು. ಜೋಡಿಸಿದರೂ ಹೊಸ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆಯ ಬುಡದಿಂದ ಮೊಣಕೈ ಮಡಿಸುವ ಸ್ನಾಯುವಿಗೆ 25 ಸೆಂಟಿಮೀಟರ್ ಎಂದಿಟ್ಟುಕೊಂಡರೂ ಎಂಟು ತಿಂಗಳು ದಾಟಿತು. ಇತ್ತ ನರದ ಸಂಪರ್ಕ ಕಳೆದುಕೊಂಡ ಸ್ನಾಯು ದಿನೇದಿನೇ ಸೊರಗುತ್ತದೆ. ಒಂದು, ಒಂದೂವರೆ ವರ್ಷ ಕಳೆದ ಮೇಲೆ ನರ ತಲುಪಿದರೂ ಅದು ಓಗೊಡುವುದು ಕಷ್ಟ. ಅದಕ್ಕೇ ಇಂಥ ಶಸ್ತ್ರಚಿಕಿತ್ಸೆ ಮೂರರಿಂದ ಆರು ತಿಂಗಳೊಳಗೆ ಆಗಬೇಕು ಎನ್ನುವುದು. ಗಾಜೋ ಮಚ್ಚೋ ತಗುಲಿ ಕತ್ತರಿಸಿಹೋದ ನರಕ್ಕಂತೂ ಕೆಲವೇ ದಿನಗಳಲ್ಲಿ ಹೊಲಿಗೆ ಬೀಳಬೇಕು.

ದಾರಿಗಳಿವೆ. ಬೆರಳುಗಳ ಚಲನೆ ಉಳಿದವರಿಗೆ, ಕಿರುಬೆರಳಿನತ್ತ ಹೋಗುವ ನರದಿಂದ ಒಂದೆರಡು ಎಳೆ ಬಿಡಿಸಿ ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ, ಸ್ನಾಯುವಿನ ಪಕ್ಕದಲ್ಲೇ, ಜೋಡಿಸುತ್ತಾರೆ. ಫ್ರಾನ್ಸಿನ ಶಸ್ತ್ರವೈದ್ಯ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ವಿಧಾನ ಇದು. ಎಳೆ ಬೆಳೆಯಬೇಕಾದ ದೂರ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಬೆಂಗಳೂರಿನಲ್ಲೂ ಇದನ್ನು ಮಾಡುವವರಿದ್ದಾರೆ.

ಆದ್ದರಿಂದ ದಯವಿಟ್ಟು, ಕೈ ಏಳದೆ ಮೂರು ವಾರ ಕಳೆದರೆ ನರದ ಪರೀಕ್ಷೆ, ಅಂದರೆ ಇಎಂಜಿ, ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ನರದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಅಷ್ಟರಲ್ಲೇ ಒಮ್ಮೆ ತೋರಿಸಿ. ಸುಮ್ಮನೆ ಇದ್ದ ಕೀಲು ಬಿಗಿಯುತ್ತದೆ. ಭುಜ, ಮೊಣಕೈ, ಒಂದೊಂದು ಬೆರಳನ್ನೂ ದಿನಾ ಇನ್ನೊಂದು ಕೈಯಿಂದ ಮೆಲ್ಲಗೆ ಮಡಿಸಿ ಬಿಡಿಸಬೇಕು. ಬಿಸಿ ಎಣ್ಣೆ, ಕಾವು ಬೇಡವೇ ಬೇಡ. ಸ್ಪರ್ಶವಿಲ್ಲದ ಚರ್ಮ ಸುಟ್ಟು ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಆಪರೇಷನ್ ಆಗಿ ತಿಂಗಳುಗಟ್ಟಲೆ ಏನೂ ಕಾಣಲಿಲ್ಲವೆಂದು ವ್ಯಾಯಾಮ ಬಿಡಬೇಡಿ, ನರ ಇನ್ನೂ ದಾರಿಯಲ್ಲಿರುತ್ತದೆ.

ವರ್ಷಗಳೇ ಕಳೆದವರೂ ಕೈಚೆಲ್ಲಬೇಕಿಲ್ಲ. ಕೆಲಸ ಮಾಡುತ್ತಿರುವ ಬೇರೆ ಸ್ನಾಯುವಿನ ಸ್ನಾಯುರಜ್ಜುವನ್ನು ತಿರುಗಿಸಿ ಜೋಡಿಸಿ ಒಂದಿಷ್ಟು ಚಲನೆ ತರಬಹುದು.

ಮೂಳೆ ಕೂಡಿಸುವ ವೈದ್ಯರಲ್ಲೂ, ನಾಟಿ ವೈದ್ಯರಲ್ಲೂ ಒಂದು ಕೋರಿಕೆ: ಕಟ್ಟು ಕಟ್ಟುವ ಮೊದಲು ಬೆರಳು ಆಡಿಸಲು ಹೇಳಿ, ಮುಟ್ಟಿದ್ದು ತಿಳಿಯುತ್ತದೆಯೇ ಕೇಳಿ. ಇಲ್ಲವೆಂದರೆ ಎಲ್ಲಿಗೆ ಹೋಗಬೇಕು, ಯಾವ ತಿಂಗಳೊಳಗೆ ಹೋಗಬೇಕು ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ.