ಕಟ್ಟಿಗಿಂತ ಯಾದಿಗೆ ಆಯುಷ್ಯ ಹೆಚ್ಚಿರಲಿ

ಹಳೆಯ ಕಾಗದಪತ್ರಗಳನ್ನು ಎಷ್ಟು ವರ್ಷ ಇಡಬೇಕು? ಈ ಪ್ರಶ್ನೆಯನ್ನು ಕೇಳಿದೊಡನೆ ನನ್ನ ಸಹಪಾಠಿಗಳು ನಗಬಹುದು. ಪರೀಕ್ಷೆ ಮುಗಿದ ಮರುದಿನವೇ ಟಿಪ್ಪಣಿಗಳನ್ನು ರದ್ದಿಗೆ ಹಾಕುವ ನಮಗೆ ಈ ಚಿಂತೆ ಏತಕ್ಕೆ ಎಂದು ಕೇಳಬಹುದು. ಒಂದು ವರ್ಷದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

ನಮ್ಮೂರು ಶಿಗ್ಗಾಂವಿ ತಾಲೂಕಿನ ತಡಸ. ನಮ್ಮ ಅಜ್ಜ ಅಲ್ಲಿ ಎರಡು ಎಕರೆ ಹತ್ತು ಗುಂಟೆ ಹೊಲವನ್ನು ಗೇಣಿಯಿಂದ ಉಳುತ್ತಿದ್ದನು. ೧೯೭೪ ರ ಮಾರ್ಚ್ ೧ ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಅವನೂ ಎಲ್ಲ ಗೇಣಿದಾರರಂತೆ ನಮೂನೆ ೭ ರಲ್ಲಿ ಅರ್ಜಿ ಕೊಟ್ಟನು. ಭೂ ನ್ಯಾಯಮಂಡಳಿ ಹೊಲವನ್ನು ಅವನ ಹೆಸರಿಗೆ ಮಾಡಿತು. ಆ ಆದೇಶದ ಪ್ರತಿ ನಮ್ಮ ಮನೆಯ ಟ್ರಂಕಿನಲ್ಲಿತ್ತು. ೨೦೧೯ ರ ಆಗಸ್ಟ್ ತಿಂಗಳ ಮಳೆಗೆ ಹಿತ್ತಲ ಗೋಡೆ ಕುಸಿದು ಟ್ರಂಕಿನ ಕಾಗದಗಳೆಲ್ಲ ಮುದ್ದೆಯಾದವು. ಆಗ ಯಾರೂ ಅದಕ್ಕಾಗಿ ಅಳಲಿಲ್ಲ. ಕಳೆದ ವರ್ಷ ಬೆಳೆಸಾಲಕ್ಕೆಂದು ಉತಾರ ತೆಗೆಸಿದಾಗ ಅದರಲ್ಲಿ ಒಂದು ಎಕರೆ ಹತ್ತು ಗುಂಟೆ ಎಂದಿತ್ತು. ತಿದ್ದಬೇಕಾದರೆ ಮೂಲ ಆದೇಶ ಬೇಕು. ಅಪ್ಪನೊಡನೆ ನಾನೂ ಕಚೇರಿಗೆ ಹೋದೆ.

“ಯಜಮಾನ್ರ, ಕಟ್ಟು ಸಿಗವಲ್ದ್ರೀ” ಎಂದರು ಗುಮಾಸ್ತರು.

“ಸುಟ್ಟಾರೇನ್ರಿ, ಇಲ್ಲಾ ಬ್ಯಾರೆ ಕಡೆ ಕಳಿಸ್ಯಾರೇನ್ರಿ?” ಎಂದು ಅಪ್ಪ ಕೇಳಿದನು.

“ಅದೂ ಗೊತ್ತಿಲ್ರಿ. ಯಾದಿನೇ ಇಲ್ಲ.”

ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಟ್ಟು ನಿಂತಿತು. ಕಟ್ಟು ಕಳೆದುದು ಒಂದು ನಷ್ಟ. ಆದರೆ ಅದು ನಾಶವಾಗಿದೆಯೋ, ಇನ್ನೊಂದು ಕಪಾಟಿನಲ್ಲಿ ಕುಳಿತಿದೆಯೋ ಎಂಬುದನ್ನು ಹೇಳುವ ವಹಿಯೇ ಇಲ್ಲದಿರುವದು ಅದಕ್ಕಿಂತ ದೊಡ್ಡ ನಷ್ಟ. ಇರುವ ಕಾಗದವೂ ಅಲ್ಲಿ ಇಲ್ಲದಂತೆಯೇ ಸರಿ. ಮೂರು ತಿಂಗಳು ನಾವು ಅಲೆದೆವು. ಕೊನೆಗೆ ನಿವೃತ್ತರಾದ ಹಿರಿಯ ಗುಮಾಸ್ತರೊಬ್ಬರು ನೆನಪು ಮಾಡಿಕೊಂಡು, ಬೇರೆ ಕಚೇರಿಗೆ ಹೋದ ಕಟ್ಟುಗಳ ಒಂದು ಹಳೆಯ ಯಾದಿ ಎಲ್ಲಿರಬಹುದೆಂದು ಹೇಳಿದರು. ಒಂದೇ ಹಾಳೆ, ಅಂಚು ಗೆದ್ದಲು ತಿಂದುದು. ಅದರಲ್ಲಿ ನಮ್ಮ ಕಟ್ಟಿನ ಸಂಖ್ಯೆ ಇತ್ತು. ಆ ಮೇಲೆ ಕಾಗದ ಸಿಕ್ಕಲು ಒಂದು ತಾಸು ಸಾಕಾಯಿತು.

ನಮ್ಮ ಸರಕಾರಿ ಕಚೇರಿಗಳಲ್ಲಿ ದಾಖಲೆಗಳಿಗೆ ವರ್ಗಗಳಿವೆ. ‘ಎ’ ವರ್ಗದವು ಶಾಶ್ವತ; ‘ಬಿ’ ವರ್ಗದವು ೩೦ ವರ್ಷ; ‘ಸಿ’ ವರ್ಗದವು ೧೦ ವರ್ಷ. ಇದು ವಿವೇಕದ ಕ್ರಮವೇ. ಎಲ್ಲವನ್ನೂ ಇಡುವೆನೆಂದರೆ ಕೋಣೆ ಸಾಲದು, ಬೇಕಾದುದು ಬೇಡವಾದುದರಲ್ಲಿ ಮುಳುಗಿ ಹೋಗುವದು. ಆದರೆ ವರ್ಗ ಹಚ್ಚುವಾಗ ನಾವು ಕಟ್ಟನ್ನಷ್ಟೇ ನೋಡುತ್ತೇವೆ. ಕಟ್ಟಿನ ಯಾದಿಯನ್ನು ಬರಿಯ ಕಚೇರಿಯ ಉಪಕರಣವೆಂದು ಭಾವಿಸುತ್ತೇವೆ. ತಪ್ಪು ಇರುವದು ಇಲ್ಲಿಯೇ.

ಇನ್ನೇನು, ಈಗ ಎಲ್ಲವೂ ಗಣಕಯಂತ್ರದಲ್ಲಿದೆಯಲ್ಲ ಎಂದು ಕೆಲವರು ಹೇಳುವರು. ನಿಜ. ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೇರಿದವು. ೨೦೨೪ ರಲ್ಲಿ ತೊಡಗಿದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಹಶೀಲ್ದಾರ ಕಚೇರಿಗಳ ಹಳೆಯ ಕಾಗದಗಳ ಚಿತ್ರ ತೆಗೆದು ಕಾಯ್ದಿಡುವ ಕೆಲಸ ನಡೆದಿದೆ. ಇವು ಸ್ತುತ್ಯ ಕಾರ್ಯಗಳು. ಆದರೆ ಯಂತ್ರಕ್ಕೂ ಯಾದಿ ತಪ್ಪಿದ್ದಲ್ಲ.

ಬೆಂಗಳೂರಿನಲ್ಲಿ ಇಂಥ ಕೆಲಸದಲ್ಲಿರುವ ನಮ್ಮ ಸೋದರಮಾವನ ಮಗನನ್ನು ನಾನು ಕೇಳಿದೆ. ಅವನು ವಿವರಿಸಿದುದು ಹೀಗೆ: ದೊಡ್ಡ ಸಂಸ್ಥೆಗಳು ತಮ್ಮ ಮಾಹಿತಿಯ ಇನ್ನೊಂದು ಪ್ರತಿಯನ್ನು ಟೇಪುಗಳ ಮೇಲೆ ಬರೆದಿಡುತ್ತವೆ. ಐಬಿಎಂ ಕಂಪನಿಯ ‘ಸ್ಟೋರೇಜ್ ಪ್ರೊಟೆಕ್ಟ್’ನಂಥ (ಹಿಂದಿನ ಹೆಸರು ‘ಸ್ಪೆಕ್ಟ್ರಂ ಪ್ರೊಟೆಕ್ಟ್’) ವ್ಯವಸ್ಥೆಯಲ್ಲಿ ‘ವಾಲ್ಯೂಮ್ ಹಿಸ್ಟರಿ’ ಎಂಬ ಒಂದು ವಹಿ ಇರುತ್ತದೆ. ಯಾವ ಟೇಪು ಯಾವ ದಿನ ಸೇರಿತು, ಯಾವುದನ್ನು ಅಳಿಸಿ ಮತ್ತೆ ಬಳಸಲಾಯಿತು, ವ್ಯವಸ್ಥೆಯ ಮುಖ್ಯ ಕೋಶದ ಪ್ರತಿ ಯಾವ ಟೇಪಿನಲ್ಲಿದೆ ಎಂಬುದು ಅದರಲ್ಲಿ ದಾಖಲಾಗುತ್ತದೆ. ಯಂತ್ರ ಕೆಟ್ಟ ದಿನ ಮೊದಲು ಬೇಕಾಗುವದು ಈ ವಹಿಯೇ. ಅದಿಲ್ಲದಿದ್ದರೆ ನೂರಾರು ಟೇಪುಗಳಲ್ಲಿ ಒಂದೊಂದನ್ನೇ ಎತ್ತಿ ನೋಡಬೇಕು. ನಮ್ಮ ಕಚೇರಿಯ ರುಮಾಲು ಕಟ್ಟುಗಳ ಪಾಡೇ ಅಲ್ಲಿಯೂ! ಹಾಗೆಂದು ಆ ವಹಿಯನ್ನು ಎಂದೂ ಕತ್ತರಿಸದೆ ಇಟ್ಟರೆ, ಮುಖ್ಯ ಕೋಶದ ಹಳೆಯ ಪ್ರತಿಗಳಿರುವ ಟೇಪುಗಳು ಬಿಡುಗಡೆಯಾಗದೆ ಉಳಿದು ಖರ್ಚು ಏರುವದು. ಆದುದರಿಂದ ಅವರೂ ಇಂತಿಷ್ಟು ದಿನವೆಂದು ಗೊತ್ತುಪಡಿಸುತ್ತಾರೆ. ಬೇಗ ಅಳಿಸಿದರೆ ದಾರಿ ತಪ್ಪುವದು, ಅಳಿಸದಿದ್ದರೆ ಭಾರ ಹೆಚ್ಚುವದು.

ಹಾಗಾದರೆ ಎಷ್ಟು ಕಾಲ? ಇದಕ್ಕೆ ಮನಬಂದ ಅಂಕಿ ಹೇಳುವದು ಸಲ್ಲದು. ಆ ಕಾಗದದ ಮೇಲೆ ವ್ಯಾಜ್ಯ ಏಳಬಹುದಾದ ಕಾಲವನ್ನು ನೋಡಬೇಕು. ಸ್ಥಿರಾಸ್ತಿಯ ಸ್ವಾಧೀನಕ್ಕಾಗಿ ದಾವೆ ಹೂಡಲು ೧೯೬೩ ರ ಕಾಲಮಿತಿ ಕಾಯದೆ ಸಾಮಾನ್ಯರಿಗೆ ೧೨ ವರ್ಷ ಕೊಡುತ್ತದೆ. ಸರಕಾರಕ್ಕೆ ೩೦ ವರ್ಷ. ೧೮೭೨ ರ ಸಾಕ್ಷ್ಯ ಕಾಯದೆಯ ಪ್ರಕಾರ ೩೦ ವರ್ಷ ಹಳೆಯದಾದ ದಸ್ತಾವೇಜು ತಕ್ಕ ಸುಪರ್ದಿಯಿಂದ ಬಂದುದಾದರೆ ಅದರ ಸಹಿಯನ್ನು ನ್ಯಾಯಾಲಯವು ನಿಜವೆಂದು ಭಾವಿಸಬಹುದಾಗಿತ್ತು. ೨೦೨೪ ರ ಜುಲೈ ೧ ರಿಂದ ಜಾರಿಗೆ ಬಂದ ಹೊಸ ಕಾಯದೆಯೂ ಇದನ್ನು ಉಳಿಸಿಕೊಂಡಿದೆ. ‘ತಕ್ಕ ಸುಪರ್ದಿ’ ಎಂಬ ಮಾತನ್ನು ಗಮನಿಸಬೇಕು. ಕಾಗದವು ಎಲ್ಲಿಂದ ಎಲ್ಲಿಗೆ ಹೋಯಿತು, ಯಾರ ಕೈಯಲ್ಲಿತ್ತು ಎಂಬುದನ್ನು ಯಾದಿಯಲ್ಲದೆ ಮತ್ತಾವುದು ಹೇಳಬಲ್ಲದು?

ಆದುದರಿಂದ ನನ್ನ ಅಭಿಪ್ರಾಯವಿದು. ಮೊದಲನೆಯದಾಗಿ, ಕಟ್ಟು ಇರುವವರೆಗೆ ಯಾದಿ ಇರಲೇಬೇಕು. ಕಟ್ಟು ಹೋದ ಮೇಲೂ ೩೦ ವರ್ಷ ಇರಬೇಕು. ಎರಡನೆಯದಾಗಿ, ನಾಶಪಡಿಸಿದ ದಾಖಲೆಗಳ ಯಾದಿಯನ್ನು ಮಾತ್ರ ಎಂದೆಂದಿಗೂ ನಾಶಪಡಿಸಬಾರದು. ‘ಇಂಥ ದಿನ, ಇಂಥವರ ಅಪ್ಪಣೆಯಿಂದ ಸುಟ್ಟೆವು’ ಎಂಬ ಒಂದು ಸಾಲು ರೈತನ ಮೂರು ತಿಂಗಳ ಅಲೆದಾಟವನ್ನು ಉಳಿಸುತ್ತದೆ. ಮೂರನೆಯದಾಗಿ, ಯಾದಿಯ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಕಟ್ಟು ಮತ್ತು ಯಾದಿ ಒಂದೇ ಮಾಳಿಗೆಯ ಕೆಳಗಿದ್ದರೆ ಒಂದೇ ಮಳೆ ಎರಡನ್ನೂ ತಿನ್ನುವದು.

ಯಾದಿ ಇಡುವದಕ್ಕೆ ತಗಲುವ ಜಾಗ ಅಲ್ಪ. ಸಾವಿರ ಕಟ್ಟುಗಳ ಹೆಸರು ಒಂದು ವಹಿಯಲ್ಲಿ ಅಡಗುವದು. ಗಣಕದಲ್ಲಂತೂ ಅದು ಲೆಕ್ಕಕ್ಕೇ ಬಾರದಷ್ಟು ಹಗುರ. ಆದುದರಿಂದ ಜಾಗವಿಲ್ಲವೆಂಬ ನೆಪ ಇಲ್ಲಿ ನಿಲ್ಲಲಾರದು.

ನಮ್ಮ ಉತಾರ ಈಗ ಸರಿಯಾಗಿದೆ. ಅಪ್ಪ ಆದೇಶದ ಹೊಸ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗೋಡೆಯ ಮಾಡದಲ್ಲಿ ಇರಿಸಿದ್ದಾನೆ. ನಾನು ಒಂದು ನೋಟುಬುಕ್ಕಿನಲ್ಲಿ ಮನೆಯ ಕಾಗದಗಳ ಹೆಸರು, ಅವುಗಳ ದಿನಾಂಕ, ಇಟ್ಟ ಜಾಗ ಎಲ್ಲವನ್ನೂ ಬರೆದು, ಆ ನೋಟುಬುಕ್ಕನ್ನು ಹುಬ್ಬಳ್ಳಿಯಲ್ಲಿರುವ ಅಕ್ಕನ ಮನೆಯಲ್ಲಿಟ್ಟಿದ್ದೇನೆ. ಮುಂದೆ ನಮ್ಮಲ್ಲಿ ಅನೇಕರು ಕಚೇರಿಗಳಲ್ಲಿ ಕುಳಿತುಕೊಳ್ಳುವವರು. ಹಳೆಯ ವಹಿಯೊಂದನ್ನು ರದ್ದಿಗೆ ಹಾಕಲು ಕೈಯೆತ್ತಿದಾಗ ಗೆದ್ದಲು ತಿಂದ ಆ ಒಂದು ಹಾಳೆ ಅವರಿಗೆ ನೆನಪಾಗಲಿ.