ಕರಗುವ ಕಲ್ಲು, ಉಳಿಯುವ ಚಿಪ್ಪು

ಪುರಾತನ ಸಮುದ್ರಗಳ ಜೀವ್ಯವಶೇಷಗಳನ್ನು ಅಭ್ಯಸಿಸುವ ವಿದ್ವಾಂಸನಿಗೆ ಸುತ್ತಿಗೆ ಉಳಿಗಳೇ ಸಾಧನಗಳೆಂಬ ಭಾವನೆ ಸಾಮಾನ್ಯವಾಗಿ ಜನರಲ್ಲಿದೆ. ಆದರೆ ಸುತ್ತಿಗೆಯ ಪೆಟ್ಟಿಗೆ ಬಂಡೆಯೊಡನೆ ಅದರೊಳಗಿನ ಚಿಪ್ಪೂ ಬಿರಿಯುತ್ತದೆ. ಕೂದಲೆಳೆಯಂತಹ ಮುಳ್ಳುಗಳಂತೂ ಪುಡಿಯಾಗಿ ಹೋಗುತ್ತವೆ. ಬ್ರಾಕಿಯೊಪಾಡ್ ಎಂಬ ಕಡಲಜೀವಿಗಳ ಅಧ್ಯಯನದಲ್ಲಿ ಈ ನಷ್ಟವನ್ನು ತಪ್ಪಿಸಿದುದು ಆಮ್ಲ. ಅದರಿಂದಾದ ಲಾಭವನ್ನು ಎಲ್ಲರೂ ಕೊಂಡಾಡುತ್ತಾರೆ. ಜೊತೆಗೆ ಬಂದ ಹೊಣೆಯನ್ನು ನೆನೆಯುವವರು ವಿರಳ.

ಈ ಜೀವಿಯನ್ನು ಕಪ್ಪೆಚಿಪ್ಪೆಂದು ಭ್ರಮಿಸುವುದು ಸುಲಭ. ಎರಡಕ್ಕೂ ಜೋಡಿಚಿಪ್ಪುಗಳಿವೆ. ಆದರೆ ಕಪ್ಪೆಚಿಪ್ಪಿನ ಕವಚಗಳು ಎಡಬಲದವು. ಬ್ರಾಕಿಯೊಪಾಡಿನವು ಮೇಲುಕೆಳಗಿನವು, ಸಾಮಾನ್ಯವಾಗಿ ಪರಸ್ಪರ ಅಸಮಾನ. ಇದು ಮೃದ್ವಂಗಿಯೇ ಅಲ್ಲ. ಗ್ರೀಕ್ ಹೆಸರನ್ನು ಯಥಾವತ್ತಾಗಿ ತಂದರೆ ‘ಬಾಹುಪಾದಿ’ ಎಂದಾಗುತ್ತದೆ. ಹಾಗೆ ಕರೆಸಿಕೊಂಡ ತೋಳುಗಳು ನಡೆಯುವ ಪಾದಗಳಲ್ಲ, ನೀರಿನಿಂದ ಆಹಾರವನ್ನು ಸೋಸಿಕೊಳ್ಳುವ ಅಂಗ! ರೋಮನ್ನರ ಎಣ್ಣೆದೀಪವನ್ನು ಹೋಲುವುದರಿಂದ ಇಂಗ್ಲಿಷಿನವರು ಇದನ್ನು ದೀಪದ ಚಿಪ್ಪೆಂದರು. ಕನ್ನಡದಲ್ಲಿ ‘ಹಣತೆಚಿಪ್ಪು’ ಎಂದರೆ ಕಿವಿಗೂ ಹಿತ, ಕಣ್ಣಿಗೂ ಸತ್ಯ. ಇಂದು ಬದುಕಿರುವ ಪ್ರಭೇದಗಳು ಸುಮಾರು 400 ಮಾತ್ರ. ಶಿಲೆಯಲ್ಲಿ ಉಳಿದವು ಸಾವಿರಾರು.

ಸುಣ್ಣಕಲ್ಲಿನಲ್ಲಿ ಹುದುಗಿದ ಇದರ ಚಿಪ್ಪೂ ಬಹುಮಟ್ಟಿಗೆ ಸುಣ್ಣದ್ದೇ. ಎರಡೂ ಒಂದೇ ದ್ರವ್ಯವಾದ್ದರಿಂದ ಆಮ್ಲ ಸುರಿದರೆ ಎರಡೂ ಅಳಿಯುತ್ತವೆ. ಕೆಲವೆಡೆ ಮಾತ್ರ ಭೂಗರ್ಭದ ಜಲದಲ್ಲಿ ಕರಗಿದ್ದ ಸಿಲಿಕಾ ಚಿಪ್ಪಿನೊಳಗೆ ಸೇರಿ, ಸುಣ್ಣವನ್ನು ಹೊರಹಾಕಿ, ಅದರ ಆಕಾರವನ್ನು ತಾನು ಧರಿಸುತ್ತದೆ. ಅಂತಹ ಬಂಡೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟಾಗ ಕಲ್ಲು ನೊರೆಯೆದ್ದು ಕರಗುತ್ತದೆ, ಚಿಪ್ಪು ನಿಲ್ಲುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಸುಣ್ಣಕಲ್ಲಿನ ಮೇಲೆ ಆಮ್ಲದ ಹನಿ ಬಿದ್ದುದನ್ನು ಕಂಡ ವಿದ್ಯಾರ್ಥಿಗೆ ಇದರಲ್ಲಿ ಯಾವ ಮಾಯೆಯೂ ಇಲ್ಲ.

ಈ ವಿಧಾನದ ಮಹತ್ಫಲ ಕಂಡುಬಂದುದು ಅಮೆರಿಕದ ಪಶ್ಚಿಮ ಟೆಕ್ಸಾಸಿನ ಗ್ಲಾಸ್ ಪರ್ವತಗಳಲ್ಲಿ. ಈಗ ಒಣನೆಲವಾದ ಆ ಪ್ರದೇಶ ಪರ್ಮಿಯನ್ ಕಾಲದಲ್ಲಿ ಕಡಲಾಗಿತ್ತು. ಸ್ಮಿತ್‌ಸೋನಿಯನ್ ಸಂಸ್ಥೆಯ ಆರ್ಥರ್ ಕೂಪರ್ ಮತ್ತು ರಿಚರ್ಡ್ ಗ್ರಾಂಟ್ ಅಲ್ಲಿನ ಬಂಡೆಗಳನ್ನು ಟನ್ನುಗಟ್ಟಲೆ ತಂದು ಕರಗಿಸಿದರು. ಉದ್ದ ಮುಳ್ಳುಗಳ ಚಿಪ್ಪುಗಳು ಮುಳ್ಳುಸಹಿತ ದೊರೆತವು. ಕೆಳಗಿನ ಕವಚ ಶಂಕುವಾಗಿ, ಮೇಲಿನದು ಅದರ ಮುಚ್ಚಳವಾಗಿ, ಹವಳವೋ ಎಂಬಂತೆ ಕಾಣುವ ವಿಚಿತ್ರ ಜೀವಿಗಳೂ ದೊರೆತವು. ಮುರಿದ ಚೂರುಗಳಿಂದ ಊಹಿಸಬೇಕಾಗಿದ್ದ ರೂಪಗಳು ಅಂಗೈಯ ಮೇಲೆ ಇಡಿಯಾಗಿ ನಿಂತವು. ಇವುಗಳಲ್ಲಿ ಬಹುಪಾಲು ವಂಶಗಳು ಸುಮಾರು 25 ಕೋಟಿ 20 ಲಕ್ಷ ವರ್ಷಗಳ ಹಿಂದೆ, ಪರ್ಮಿಯನ್ ಕಾಲದ ಅಂತ್ಯದ ಮಹಾವಿನಾಶವನ್ನು ದಾಟಿ ಬಾರಲಿಲ್ಲ.

ಹೊಣೆಯ ಮಾತು ಬರುವುದು ಇಲ್ಲಿ. ಕರಗಿದ ಕಲ್ಲು ಮತ್ತೆ ಕೂಡದು. ಚಿಪ್ಪು ಯಾವ ಭಂಗಿಯಲ್ಲಿ ಬಿದ್ದಿತ್ತು, ಯಾವ ಕೆಸರು ಅದನ್ನು ಮುಚ್ಚಿತ್ತು ಎಂಬ ಸಾಕ್ಷ್ಯವೆಲ್ಲ ಆಮ್ಲದ ತೊಟ್ಟಿಯಲ್ಲಿ ನೀರಾಗುತ್ತದೆ. ಸಿಲಿಕಾ ಪಕ್ಷಪಾತಿ ಕೂಡ. ಅದು ಸೇರದ ಚಿಪ್ಪು ಬಂಡೆಯೊಡನೆಯೇ ಅಳಿಯುವುದರಿಂದ, ಉಳಿದವುಗಳನ್ನೇ ಎಣಿಸಿ ‘ಆ ಕಡಲಿನಲ್ಲಿ ಇಷ್ಟೇ ಜೀವಿಗಳಿದ್ದವು’ ಎನ್ನುವುದು ಅವಿಚಾರ. ಹೊರಗಿನ ಆಕಾರ ಉಳಿದರೂ ಚಿಪ್ಪಿನ ಒಳರಚನೆ ಎಷ್ಟೋ ವೇಳೆ ಮಾಸಿರುತ್ತದೆ. ಆದ್ದರಿಂದಲೇ ಕರಗಿಸದೆ ಇಡಬೇಕಾದ ಒಂದಂಶ ಪ್ರತಿ ಬಂಡೆಯಲ್ಲೂ ಇದೆ. ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ನೋಡಲು ಅದು ಬೇಕು. ಸುಂದರವಾದ ಮಾದರಿಗಳಿಗಾಗಿ ಇಡೀ ಬಂಡೆಯನ್ನು ತೊಟ್ಟಿಗೆ ಹಾಕುವವನನ್ನು ಸಂಗ್ರಾಹಕನೆನ್ನಬಹುದು, ಅಧ್ಯಯನಶೀಲನೆನ್ನಲಾಗದು.

ಕೂಪರ್ ಮತ್ತು ಗ್ರಾಂಟ್ ಅವರ ‘ಪರ್ಮಿಯನ್ ಬ್ರಾಕಿಯೊಪಾಡ್ಸ್ ಆಫ್ ವೆಸ್ಟ್ ಟೆಕ್ಸಾಸ್’ 1972ರಿಂದ 1977ರವರೆಗೆ ಆರು ಭಾಗಗಳಲ್ಲಿ ಹೊರಬಂದಿತು. ಬೆರಗುಗೊಳಿಸುವ ಚಿಪ್ಪುಗಳ ಚಿತ್ರಗಳಿಗಾಗಿ ಅದನ್ನು ತೆರೆಯುವವರೇ ಹೆಚ್ಚು. ಆದರೆ ಸ್ತರಗಳು ಯಾವ ಕ್ರಮದಲ್ಲಿವೆ, ಯಾವ ತಾಣದಿಂದ ಬಂಡೆ ಬಂದಿತು ಎಂಬ ನಿರೂಪಣೆಗೆ ಮೊದಲ ಭಾಗದಲ್ಲಿ ಸ್ಥಳ ದೊರೆತಿದೆ. ಓದುಗರು ಬೇಸರದಿಂದ ಮಗುಚುವ ಆ ಪುಟಗಳು ಇಲ್ಲದಿದ್ದರೆ ಯಾವ ಚಿಪ್ಪು ಮುಂಚಿನದು, ಯಾವುದು ಅನಂತರದ್ದು ಎಂದು ಹೇಳುವ ದಾರಿಯೇ ಇರುತ್ತಿರಲಿಲ್ಲ.