ಭರಣಿಯ ಜೊತೆಗೆ ಊರಿನ ಹೆಸರನ್ನೂ ಕೊಟ್ಟೆವು

"ಹಳೇ ಭರಣಿ ಉಂಟಾ ಅಮ್ಮಾ?" ಎಂದು ಕೇಳಿಕೊಂಡು ಬರುವವರನ್ನು ನೀವೆಲ್ಲ ನೋಡಿದ್ದೀರಿ. ಕೈಯಲ್ಲಿ ದುಡ್ಡು ಕಮ್ಮಿ ಇರುವ ಮಳೆಗಾಲದ ಕೊನೆ ನೋಡಿಯೇ ಅವರು ಬರುವುದು. ಜೀಪಿನ ಹಿಂದೆ ಹೊಸ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಡ್ರಮ್ಮು. ಮೊದಲು ಭರಣಿ ಕೇಳ್ತಾರೆ. ಆಮೇಲೆ ಕಣ್ಣು ಚಾವಡಿಯ ಗೋಡೆಗೆ ಹೋಗ್ತದೆ, "ಆ ಲಕ್ಷ್ಮಿ ಪಟ ಕೊಡ್ತೀರಾ?" ಕೊನೆಗೆ ಅಟ್ಟದ ಮೇಲಿನ ಕಾಗದದ ಕಟ್ಟು. ಅದರಲ್ಲಿ ಯಾರೋ ಡ್ರಾಯಿಂಗ್ ಮಾಷ್ಟ್ರು ಪೆನ್ಸಿಲಿನಲ್ಲಿ ಬರೆದ ಚಿತ್ರ ಇದ್ದರೆ ಅದೂ ಜೀಪು ಹತ್ತುತ್ತದೆ, ತೂಕದ ಲೆಕ್ಕದಲ್ಲಿ.

ನಮ್ಮ ಮನೆಯಿಂದಲೂ ಹೋಗಿದೆ. ಕೊಟ್ಟವನು ನಾನೇ. ಅಜ್ಜಿ ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದ, ಭುಜದಲ್ಲಿ ಹಗ್ಗ ಕಟ್ಟಲು ನಾಲ್ಕು ಕಿವಿ ಇದ್ದ ಕಂದು ಭರಣಿ. ಬದಲಿಗೆ ಸಿಕ್ಕಿದ್ದು ಎರಡು ಸ್ಟೀಲ್ ಡಬ್ಬಿ. ಆದ್ದರಿಂದ ಇಲ್ಲಿ ಬೈಯುವುದೆಲ್ಲ ಮೊದಲು ನನಗೇ ತಾಗಲಿ.

ಹಳೆಯದನ್ನು ಸಂಗ್ರಹಿಸುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಸಂಗ್ರಹಿಸುವವರು ಹೇಳುವ ಮಾತಿನಲ್ಲಿ ಸತ್ಯ ಉಂಟು. "ನಾವು ತೆಗೆದುಕೊಳ್ಳದಿದ್ದರೆ ನೀವು ಅದರಲ್ಲಿ ಸುಣ್ಣ ಕಲಸುತ್ತಿದ್ದಿರಿ, ಪಟವನ್ನು ಗೆದ್ದಲಿಗೆ ಬಿಡುತ್ತಿದ್ದಿರಿ" ಎನ್ನುತ್ತಾರೆ. ಹೌದು, ಬಿಡುತ್ತಿದ್ದೆವು. ಆದರೆ ನಾನು ಕೇಳುವುದು ಇಷ್ಟೇ. ನೀವು ಉಳಿಸಿದ್ದು ಏನನ್ನು? ಮಣ್ಣನ್ನೂ ಕಾಗದವನ್ನೂ ಉಳಿಸಿದಿರಿ. ಯಾವ ಊರು, ಯಾವ ಮನೆ, ಯಾರ ಕೈ, ಏನು ಕೆಲಸ ಎಂಬುದನ್ನು ನಮ್ಮ ಅಂಗಳದಲ್ಲೇ ಬಿಟ್ಟು ಹೋದಿರಿ. ಪೇಟೆಯ ಅಂಗಡಿಯಲ್ಲಿ ಅದಕ್ಕೆ ಯಾವ ಊರಿನ ಹೆಸರಿಗೆ ಬೆಲೆ ಹೆಚ್ಚೋ ಆ ಊರಿನ ಚೀಟಿ ಅಂಟುತ್ತದೆ. ಕಳೆದ ಶತಮಾನದಲ್ಲಿ ಕಾರ್ಖಾನೆಯಲ್ಲಿ ತಯಾರಾದ, ಮೇಲೆ ಕಂದು ಕೆಳಗೆ ಬಿಳಿ ಬಣ್ಣದ ಜಾಡಿಯೂ ಅಲ್ಲಿ "ಚೀನಾ ಭರಣಿ" ಆಗಿಬಿಡುತ್ತದೆ.

ನಿಜಕ್ಕೂ ಕಡಲು ದಾಟಿ ಬಂದ ಭರಣಿಗಳು ಈ ಕರಾವಳಿಯಲ್ಲಿ ಇದ್ದವು. ಬರ್ಮಾದ ಮರ್ತಬಾನ್ ಬಂದರಿನ ಹೆಸರು ಹೊತ್ತ ದೊಡ್ಡ ಮೆರುಗಿನ ಜಾಡಿಗಳು ಎಣ್ಣೆ, ಉಪ್ಪಿನಕಾಯಿ ತುಂಬಿಕೊಂಡು ಊರೂರು ತಿರುಗಿದವು. ಆ ಹೆಸರು ಇಂದಿಗೂ ಹಿಂದಿಯಲ್ಲಿ ಜಾಡಿಗೆ ಉಳಿದುಕೊಂಡಿದೆ. ಅಂಥದ್ದೊಂದು ಭರಣಿ ಒಳನಾಡಿನ ಯಾವ ಮನೆಯಲ್ಲಿತ್ತು ಎಂದು ತಿಳಿದರೆ ಕಡಲ ವ್ಯಾಪಾರ ಎಲ್ಲಿಯವರೆಗೆ ಮುಟ್ಟಿತ್ತು ಎಂದು ಹೇಳಬಹುದು. ಮನೆಯ ಹೆಸರು ಹೋದರೆ ಆ ಭರಣಿ ಏನನ್ನೂ ಹೇಳುವುದಿಲ್ಲ. ರೆಸಾರ್ಟಿನ ಮೂಲೆಯಲ್ಲಿ ಅದಕ್ಕೊಂದು ಬಳ್ಳಿ ನೆಟ್ಟು ಕೂರಿಸ್ತಾರೆ, ಅಷ್ಟೆ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಾಗೆಯೇ ಗಡಿಯಾಚೆ ಕನ್ನಡದವರಿರುವ ನೀಲಗಿರಿಯನ್ನು ನೋಡಿ. ಅಲ್ಲಿನ ಮೊದಲ ಕಮಿಷನರ್ ಬ್ರೀಕ್ಸ್ ಎಂಬ ಇಂಗ್ಲಿಷಿನವ ಬೆಟ್ಟದ ಮೇಲಿನ ಹಳೆ ಕಲ್ಲುಗೋರಿಗಳನ್ನು ಅಗೆಸಿದ. ಮುಚ್ಚಳದ ಮೇಲೆ ಎಮ್ಮೆ, ಮನುಷ್ಯರ ಗೊಂಬೆ ಇರುವ ಮಡಕೆಗಳು ಸಿಕ್ಕಿದವು. ಇಂದು ಅವು ಚೆನ್ನೈಯ ಎಗ್ಮೋರ್ ಮ್ಯೂಸಿಯಮ್ಮಿನಲ್ಲಿವೆ. ನೀಲಗಿರಿಯ ಅಂಥ ಮಡಕೆಗಳು ಲಂಡನ್ನಿಗೂ ಹೋಗಿವೆ. ಸತ್ತವರ ಗೋರಿ ಅಗೆದದ್ದು ಸರಿಯೋ ಎಂದು ಅವನೊಂದಿಗೆ ಜಗಳಾಡಬಹುದು. ಆದರೆ ಎಲ್ಲಿ ಅಗೆದೆ, ಏನು ಸಿಕ್ಕಿತು ಎಂದು ಅವನು ಬರೆದಿಟ್ಟಿದ್ದ. 1873ರಲ್ಲಿ ಅದು ಪುಸ್ತಕವಾಗಿ ಬಂತು. ಹಾಗಾಗಿ ಆ ಮಡಕೆಗಳು ಇವತ್ತಿಗೂ ನೀಲಗಿರಿಯ ಮಡಕೆಗಳೇ. ಬಳ್ಳಾರಿ, ಅನಂತಪುರ ಸೀಮೆಯನ್ನೆಲ್ಲ ಸುತ್ತಿದ ರಾಬರ್ಟ್ ಬ್ರೂಸ್ ಫೂಟ್ ಇನ್ನೂ ಒಂದು ಹೆಜ್ಜೆ ಮುಂದೆ. ಅವನು ಆರಿಸಿದ್ದರಲ್ಲಿ ಒಡೆದ ಮಡಕೆಯ ಚೂರುಗಳೇ ರಾಶಿ ಇದ್ದವು. ಆದರೂ ಸಿಕ್ಕಿದ ಜಾಗವನ್ನು ಬರೆದಿಟ್ಟ. ಅವನು 1912ರಲ್ಲಿ ತೀರಿಹೋದ ಮೇಲೆ ಮದ್ರಾಸಿನಲ್ಲಿ ಆ ಪಟ್ಟಿ ಅಚ್ಚಾಯಿತು. ಪರದೇಶದವ ಚೂರಿಗೆ ಕೊಟ್ಟ ಮರ್ಯಾದೆಯನ್ನು ನಾವು ಇಡೀ ಭರಣಿಗೆ ಕೊಡಲಿಲ್ಲ, ಮಾರಾಯ್ರೆ.

ಇನ್ನು ಪಟದ ವಿಷಯ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಆಮೇಲೆ ಅದು ಲೋಣಾವಳದ ಹತ್ತಿರ ಮಳವಳಿಗೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದ ಮತ್ತೆ ಮತ್ತೆ ಕಲ್ಲಿನ ಮೇಲೆ ಹೋಗಿ ಬಂದರೆ ಲಕ್ಷ್ಮಿ, ಸರಸ್ವತಿ ಪೂರ್ತಿಯಾಗುವುದು. ಸಂಗ್ರಹ ಮಾಡುವವರು ಪಟದ ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರುಂಟೋ ಎಂದು ನೋಡ್ತಾರೆ. ಚೌಕಟ್ಟು ಹಾಕುವಾಗ ನಮ್ಮ ಹಿರಿಯರು ಆ ಅಂಚನ್ನು ಕತ್ತರಿಸಿದ್ದರೆ "ಇದಕ್ಕೆ ಬೆಲೆ ಇಲ್ಲ" ಎನ್ನುತ್ತಾರೆ. ಬೆಲೆ ಇಲ್ಲವಾ? ಆ ಪಟ ಸಾವಿರಾರು ಅಚ್ಚಾಗಿತ್ತು. ಆದರೆ ಯಾವುದೋ ಮನೆಯ ಹೆಂಗಸು ಲಕ್ಷ್ಮಿಯ ಸೀರೆಗೆ ಜರಿ, ಮಣಿ ಹೊಲಿದು ಅಲಂಕಾರ ಮಾಡಿದ ಪಟ ಲೋಕದಲ್ಲಿ ಒಂದೇ. ಹೊಲಿದವಳ ಹೆಸರು ಹೇಳುವವರು ಈಗ ಆ ಮನೆಯಲ್ಲಿ ಒಬ್ಬರೋ ಇಬ್ಬರೋ ಇರಬಹುದು. ಕೊಳ್ಳುವವ ಅದನ್ನು ಕೇಳಿದ್ದುಂಟಾ? ನಾವಾದರೂ ಹೇಳಿದೆವಾ?

ಹೊಸ ಕಾಲದ ಕಲಾವಿದರು ಈ ಲೆಕ್ಕ ತಾವೇ ಇಡುತ್ತಾರೆ. ಚಿತ್ತೂರು ಸೀಮೆಯ ನಂದನೂರಿನಲ್ಲಿ ಹುಟ್ಟಿದ ಕೃಷ್ಣಾ ರೆಡ್ಡಿ ಪ್ಯಾರಿಸ್ಸಿನಲ್ಲಿದ್ದುಕೊಂಡು, ಶಾಯಿಯ ತೆಳುವು-ದಪ್ಪದ ಗುಣವನ್ನೇ ಬಳಸಿ ಒಂದೇ ಲೋಹದ ತಗಡಿನಿಂದ ಹಲವು ಬಣ್ಣ ಅಚ್ಚೊತ್ತುವ ವಿಧಾನವನ್ನು ಬೆಳೆಸಿದವರು. ಇಂಥ ಅಚ್ಚುಚಿತ್ರಗಳ ಕೆಳಗೆ ಪೆನ್ಸಿಲಿನಲ್ಲಿ ಸಹಿ, ಪಕ್ಕದಲ್ಲಿ 7/50 ಎಂಬಂಥ ಸಂಖ್ಯೆ ಇರುವುದು ವಾಡಿಕೆ. ಐವತ್ತರಲ್ಲಿ ಇದು ಏಳನೆಯದು ಎಂದರ್ಥ. ಆ ಸಣ್ಣ ಪೆನ್ಸಿಲ್ ಗುರುತು ಇರುವುದರಿಂದ ಅದು ಯಾರ ಮನೆಗೆ ಹೋದರೂ ಯಾರದ್ದೆಂದು ಗೊತ್ತಾಗುತ್ತದೆ. ನಮ್ಮ ಭರಣಿಗೆ, ಮಾಷ್ಟ್ರ ಚಿತ್ರಕ್ಕೆ ಆ ಗುರುತು ಹಾಕಬೇಕಾದವರು ನಾವು.

ಕಾನೂನು ಇಲ್ಲದೆ ಅಲ್ಲ. ನೂರು ವರ್ಷ ದಾಟಿದ ಮಡಕೆ, ಚಿತ್ರಗಳೆಲ್ಲ 1972ರ ಪುರಾತನ ವಸ್ತುಗಳ ಕಾನೂನಿನಡಿ ಬರುತ್ತವೆ. ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಆದರೆ ಜೀಪಿನವನ ಹತ್ತಿರ ಲೈಸೆನ್ಸ್ ತೋರಿಸು ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಕೆಂಪುಕಲ್ಲಿನ ಕೋರೆಯಲ್ಲಿ, ರಬ್ಬರ್ ಗುಂಡಿಯಲ್ಲಿ ಹಳೇ ಕಾಲದ ಹೂಳುಮಡಕೆ ಸಿಕ್ಕಿದರೆ ಚಿನ್ನ ಉಂಟೋ ಎಂದು ಒಡೆದು ನೋಡುವವರೂ ನಾವೇ.

ಇದರಲ್ಲಿ ನಮಗೆ ಬೇರೆಯವರಿಗಿಂತ ಹೆಚ್ಚು ನಷ್ಟ ಯಾಕೆ? 1956ರ ನವೆಂಬರ್ 1ರಿಂದ ನಾವು "ಇಲ್ಲಿಯ ಕನ್ನಡ ಹಳೆಯದು" ಎಂದು ಹೇಳುತ್ತಲೇ ಇದ್ದೇವೆ. 1967ರ ಮಹಾಜನ ವರದಿಯನ್ನು ಬಾಯಿಪಾಠ ಒಪ್ಪಿಸ್ತೇವೆ. ವೇದಿಕೆಯಲ್ಲಿ ಗಂಟಲು ಹರಿಯುವಷ್ಟು ಕೂಗ್ತೇವೆ. ಮನೆಗೆ ಬಂದು, ಆ ಮಾತಿಗೆ ಸಾಕ್ಷಿ ಹೇಳಬೇಕಾದ ವಸ್ತುಗಳನ್ನು ಸ್ಟೀಲ್ ಡಬ್ಬಿಗೆ ಬದಲು ಕೊಡ್ತೇವೆ. ವಸ್ತುವಿನ ಜೊತೆ ಅದರ ಸುತ್ತಲಿನ ಕನ್ನಡವೂ ಹೋಗ್ತದೆ. ಭರಣಿಯ ಬಾಯಿಗೆ ಕಟ್ಟುವ ಬಟ್ಟೆ, ಅದನ್ನು ಇಡುವ ಮೂಲೆ, ಅದನ್ನು ಮುಟ್ಟಬಾರದ ದಿನಗಳು, ಇದಕ್ಕೆಲ್ಲ ಅಜ್ಜಿಯ ಬಾಯಲ್ಲಿ ಒಂದೊಂದು ಮಾತಿತ್ತು. ನನ್ನ ಮಗಳಿಗೆ ಆ ಮಾತುಗಳು ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದೆ.

ಹಾಗಾದರೆ ಯಾರೂ ಮಾರಬಾರದೋ? ಹಾಗೆ ಹೇಳುವ ಅಧಿಕಾರ ನನಗಿಲ್ಲ. ಮಗುವಿನ ಫೀಸು ಕಟ್ಟಬೇಕಾದವನಿಗೆ ಭರಣಿ ಇಟ್ಟುಕೋ ಎಂದು ಉಪದೇಶ ಮಾಡುವುದು ಸುಲಭ. ಮಾರುವುದಾದರೆ ಬರೆದು ಮಾರಿ. ಮೊದಲ ದಿನವೇ ಕೊಡಬೇಡಿ, ವಾರ ಬಿಟ್ಟು ಬಾ ಎನ್ನಿ. ಒಂದು ಫೋಟೋ ತೆಗೆಯಿರಿ. ಮನೆಯ ಹೆಸರು, ತಂದವರು ಯಾರು, ಯಾವುದಕ್ಕೆ ಬಳಸುತ್ತಿದ್ದರು, ಅದರ ಭಾಗಗಳಿಗೆ ಮನೆಯಲ್ಲಿ ಏನು ಹೆಸರು ಎಂದು ಬರೆಯಿರಿ. ಅದರ ಒಂದು ಪ್ರತಿ ಕೊಳ್ಳುವವನ ಕೈಗೂ ಹೋಗಲಿ. ಚಿತ್ರವಾದರೆ ಹಿಂದೆ, ಮೂಲೆಯಲ್ಲಿ, ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನು ಬೇಡ, ಶಾಯಿ ಇಳಿಯುತ್ತದೆ. ಭರಣಿಗೆ ಪೇಂಟು ಬೇಡ, ನೂಲಿನಲ್ಲಿ ಚೀಟಿ ಕಟ್ಟಿದರೆ ಸಾಕು. ಹೀಗೆ ಬರೆದದ್ದನ್ನು ಬೇಡ ಎನ್ನುವ ಕೊಳ್ಳುವವನಿಗೆ ಕೊಡಲೇಬೇಡಿ. ಅವನಿಗೆ ಎಲ್ಲಿಂದ ಬಂತೆಂದು ಮುಚ್ಚಿಡುವ ಕಾರಣ ಏನೋ ಉಂಟು.

ಮಾಷ್ಟ್ರುಗಳಲ್ಲಿ ಒಂದು ಮಾತು. ಹಳೇ ವಸ್ತುಗಳ ಪ್ರದರ್ಶನ ಎಂದು ಒಂದು ದಿನ ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆದು ಕಳಿಸಿಬಿಡುವುದು ಸಾಕು. ಮಕ್ಕಳು ಅಜ್ಜಿಯಂದಿರನ್ನು ಕೇಳಿ ಒಂದೊಂದು ಪುಟ ಬರೆದು ತರಲಿ, ಅಜ್ಜಿ ಹೇಳಿದ ಮಾತಿನಲ್ಲೇ.

ವಾಚನಾಲಯದ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟುಪುಸ್ತಕ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ನಮ್ಮ ಮನೆಯಲ್ಲಿ ಈಗ ಇಲ್ಲದ ಭರಣಿಯ ಬಗ್ಗೆ ನೆನಪಿದ್ದಷ್ಟು ಬರೆದಿದ್ದೇನೆ. ಹತ್ತು ಸಾಲು ಕೂಡ ಆಗಲಿಲ್ಲ. ನಿಮ್ಮ ಮನೆಯಲ್ಲಿ ಕೇಳಲು ಇನ್ನೂ ಜನ ಇರುವಾಗ ಬಂದು ಬರೆಯಿರಿ.